43 ಸೆಕೆಂಡು, 43 ನಿಮಿಷ

ನಮಸ್ಕಾರ, ಕೋಲಾರದಿಂದ ಮಾತಾಡ್ತಾ ಇದೀನಿ. ಹೋದ ವಾರ ದಿನಕ್ಕೆ ಹತ್ತು ಕಾರ್ ಮಾಡೋಕೂ ತುಂಬಾ ಜನ ಇರೋ ಸಣ್ಣ ಸಣ್ಣ ಸ್ಪೋರ್ಟ್ಸ್ ಕಾರ್ ಫ್ಯಾಕ್ಟರಿಗಳ ಬಗ್ಗೆ ವಿಡಿಯೋ ಹಾಕಿದ್ನಲ್ಲ, ಅದನ್ನ ನೋಡಿ ವೇಮಗಲ್ ಕಡೆ ಹುಡುಗ ಒಬ್ಬ ಫೋನ್ ಮಾಡಿದ್ದ. "ಅಣ್ಣ, ದಿನಕ್ಕೆ ಹತ್ತು ಕಾರ್ ಮಾಡಕ್ಕೆ ಅಷ್ಟೊಂದು ಜನ ಯಾಕಣ್ಣ, ನಮ್ ಲೈನಲ್ಲಿ ಒಂದು ಶಿಫ್ಟಿಗೆ ಆರುನೂರು ಪೀಸ್ ಇಳಿಸ್ತೀವಿ, ಅವ್ರೇನು ನಿದ್ದೆ ಮಾಡ್ತಾವ್ರಾ" ಅಂದ. ಆ ಹುಡುಗನ ಮೇಲೆ ನಂಗೆ ಕೋಪ ಇಲ್ಲ, ನಾನೂ ಹಂಗೇ ಅಂದ್ಕೊಂಡಿದ್ದೆ ಒಂದು ಕಾಲದಲ್ಲಿ. ಆದ್ರೆ ಫೋನ್ ಇಟ್ಟ ಮೇಲೆ ಒಂದು ಲೆಕ್ಕ ಹಾಕಿದೆ, ಅದು ಇನ್ನೂ ತಲೆಯಿಂದ ಹೋಗ್ತಿಲ್ಲ.

ಎಂಟು ಗಂಟೆ ಶಿಫ್ಟು. ಊಟಕ್ಕೆ ಅರ್ಧ ಗಂಟೆ, ಎರಡು ಸಲ ಟೀಗೆ ಹತ್ತತ್ತು ನಿಮಿಷ, ಇಷ್ಟು ಕಳೆದ್ರೆ ಕೆಲಸಕ್ಕೆ ಉಳಿಯೋದು 430 ನಿಮಿಷ. ಆರುನೂರು ಪೀಸ್ ಇಳಿಸ್ಬೇಕು ಅಂದ್ರೆ ಒಂದೊಂದಕ್ಕೆ 43 ಸೆಕೆಂಡು. ಹತ್ತು ಕಾರ್ ಅಂದ್ರೆ ಒಂದೊಂದಕ್ಕೆ 43 ನಿಮಿಷ. ಅಂಕಿ ಅದೇ, ಸೆಕೆಂಡು ಹೋಗಿ ನಿಮಿಷ ಆಯ್ತು ಅಷ್ಟೇ. ಒಂದೊಂದು ಪೀಸಿಗೆ ಸಿಗೋ ಈ ಟೈಮಿಗೆ ಟ್ಯಾಕ್ಟ್ ಟೈಮ್ ಅಂತಾರೆ, ಲೈನಲ್ಲಿ ಇದ್ದವ್ರಿಗೆ ಗೊತ್ತಿರುತ್ತೆ, ಟ್ಯಾಕ್ಟ್ ಅನ್ನೋದು ಜರ್ಮನ್ ಪದ, ಸಂಗೀತದ ತಾಳಕ್ಕೂ ಅವ್ರು ಅದೇ ಪದ ಬಳಸ್ತಾರೆ. ಅಂದ್ರೆ ಪ್ರತಿ 43 ನಿಮಿಷಕ್ಕೆ ಒಂದು ಸಲ ಎಲ್ಲಾ ಗಾಡಿಗಳೂ ಒಂದೊಂದು ಸ್ಟೇಷನ್, ಅಂದ್ರೆ ಲೈನಲ್ಲಿ ಒಂದು ಕೆಲಸದ ಜಾಗ, ಮುಂದಕ್ಕೆ ಹೋಗ್ತವೆ, ಅಷ್ಟರೊಳಗೆ ನಿನ್ನ ಪಾಲಿನ ಕೆಲಸ ಮುಗಿದಿರ್ಬೇಕು.

ಈಗ ನನ್ನ ಕಥೆ. ನಾನು ನಾಲ್ಕು ವರ್ಷ ವೈರಿಂಗ್ ಹಾರ್ನೆಸ್, ಅಂದ್ರೆ ಗಾಡಿಯೊಳಗಿನ ವೈರುಗಳ ಕಟ್ಟು ಮಾಡೋ ಲೈನಲ್ಲಿದ್ದೆ, ಕಂಪನಿ ಹೆಸರು ಬೇಡ. ನನ್ನ ಕೆಲಸ ಏನಪ್ಪಾ ಅಂದ್ರೆ ಬೋರ್ಡ್ ಮೇಲೆ ಬಂದ ವೈರಿಗೆ ಎರಡು ಕನೆಕ್ಟರ್ ಹಾಕೋದು, ತಳ್ಳು, ಕ್ಲಿಕ್ ಅನ್ನೋದು ಕೇಳಿಸ್ಕೋ, ಆಮೇಲೆ ಹಿಂದಕ್ಕೆ ಎಳೆದು ನೋಡು. ತಳ್ಳು, ಕ್ಲಿಕ್, ಎಳಿ. 43 ಸೆಕೆಂಡಲ್ಲಿ ಇದೂ ಆಗ್ತಿತ್ತು, ಟೇಪ್ ಸುತ್ತೋದೂ ಆಗ್ತಿತ್ತು. ಒಂದು ಸಲ ತಿಂಗಳ ಕೊನೇಲಿ ಟಾರ್ಗೆಟ್ ಆರುನೂರರಿಂದ ಆರುನೂರ ಅರವತ್ತು ಮಾಡಿದ್ರು, ಟ್ಯಾಕ್ಟ್ 39 ಸೆಕೆಂಡಿಗೆ ಬಂತು. ನಾಲ್ಕು ಸೆಕೆಂಡು ತಾನೇ ಅಂದ್ರು ಸೂಪರ್‌ವೈಸರ್. ಆ ನಾಲ್ಕು ಸೆಕೆಂಡು ಎಲ್ಲಿಂದ ಬರುತ್ತೆ ಹೇಳಿ? ತಳ್ಳೋದು ಬಿಡೋಕಾಗಲ್ಲ, ಟೇಪು ಬಿಡೋಕಾಗಲ್ಲ, ಬಿಟ್ಟಿದ್ದು ಎಳೆದು ನೋಡೋದನ್ನ. ಯಾರೂ ಬಿಡಿ ಅಂತ ಹೇಳ್ಲಿಲ್ಲ, ಕೈ ತಾನೇ ಬಿಟ್ಬಿಡ್ತು. ಎರಡು ವಾರ ಆದ್ಮೇಲೆ ಕಸ್ಟಮರ್ ಕಡೆಯಿಂದ ಮಾಲು ವಾಪಸ್ ಬಂತು, ಅರ್ಧ ಕೂತಿರೋ ಕನೆಕ್ಟರು. ಭಾನುವಾರ ಎಲ್ಲಾ ರೀವರ್ಕ್ ಮಾಡಿದ್ವಿ, ಬೈಸ್ಕೊಂಡಿದ್ದು ಮಾತ್ರ ಲೈನಲ್ಲಿದ್ದ ಹುಡುಗ್ರು, ಟಾರ್ಗೆಟ್ ಹಾಕಿದವ್ರಲ್ಲ.

ಅದಕ್ಕೇ ನಂಗೆ ಆ ಸಣ್ಣ ಫ್ಯಾಕ್ಟರಿಗಳ ಮೇಲೆ ಇಷ್ಟು ಆಸಕ್ತಿ. ಇಂಗ್ಲೆಂಡಲ್ಲಿ ನಾರ್ಫೋಕ್ ಅನ್ನೋ ಕಡೆ ಹೆಥೆಲ್ ಅಂತ ಊರು, ಯುದ್ಧದ ಕಾಲದ ಹಳೇ ಏರ್‌ಫೀಲ್ಡು, 1966ರಿಂದ ಲೋಟಸ್ ಅನ್ನೋ ಸ್ಪೋರ್ಟ್ಸ್ ಕಾರ್ ಕಂಪನಿ ಫ್ಯಾಕ್ಟರಿ ಅಲ್ಲೇ ಇದೆ. ಅವ್ರ ಎಲಿಸ್ ಕಾರು 1996ರಿಂದ 2021ರವರೆಗೆ ನಡೀತು, ಇಪ್ಪತ್ತೈದು ವರ್ಷಕ್ಕೆ ಮೂವತ್ತೈದು ಸಾವಿರ ಗಾಡಿ ಅಷ್ಟೇ. ಅದರ ಚಾಸಿಸ್, ಅಂದ್ರೆ ಕಾರಿನ ಅಸ್ಥಿಪಂಜರ, ಬರೀ 68 ಕೆಜಿ, ಅಲ್ಯೂಮಿನಿಯಂ ತುಂಡುಗಳನ್ನ ವೆಲ್ಡ್ ಮಾಡ್ತಿರ್ಲಿಲ್ಲ, ಎಪಾಕ್ಸಿ ಅಂಟು ಹಾಕಿ ಜೋಡಿಸಿ ಒವನ್‌ನಲ್ಲಿ ಬೇಯಿಸ್ತಿದ್ರು. ಈಗ ಮ್ಯಾನೇಜರ್ ಬಂದು ನಾಳೆಯಿಂದ ಹತ್ತರ ಬದ್ಲು ಹದಿಮೂರು ಇಳಿಸಿ ಅಂದ್ರೆ ಫಿಟ್ಟರ್ ಕೈ ಬೇಕಾದ್ರೆ ಓಡುತ್ತೆ, ಅಂಟು ಓಡುತ್ತಾ? ಬಾಡಿ ಫೈಬರ್ ಗ್ಲಾಸು, ಅದರ ರೆಸಿನ್ನೂ ಗಟ್ಟಿ ಆಗೋಕೆ ತನ್ನ ಟೈಮ್ ತಗೊಳ್ಳುತ್ತೆ.

ನಮ್ಮನೇಲಿ ರೇಷ್ಮೆ ಇತ್ತು, ಕೋಲಾರದಲ್ಲಿ ಎಷ್ಟು ಮನೇಲಿ ಇರ್ಲಿಲ್ಲ ಹೇಳಿ. ನಾಲ್ಕನೇ ಜ್ವರ, ಅಂದ್ರೆ ಹುಳು ಪೊರೆ ಬಿಡೋ ಟೈಮು, ಎದ್ದ ಮೇಲೆ ಹುಳು ಹಗಲು ರಾತ್ರಿ ಸೊಪ್ಪು ತಿನ್ನುತ್ತೆ, ಮನೆಯೋರೆಲ್ಲ ಓಡಾಡ್ತಾ ಇರ್ತಾರೆ, ಆದ್ರೆ ಹುಳುನ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ತಟ್ಟೆಗೆ, ಬಿಡೋ ವಿಷಯದಲ್ಲಿ ಮಾತ್ರ ಅಮ್ಮ ಯಾರ ಮಾತೂ ಕೇಳ್ತಿರ್ಲಿಲ್ಲ. ಹಣ್ಣಾದ ಹುಳು ಮಾತ್ರ ಆರಿಸಿ ಬಿಡೋರು. ಅವಸರ ಮಾಡಿ ಕಾಯಿ ಹುಳ ಬಿಟ್ರೆ ಗೂಡು ತೆಳ್ಳಗಾಗುತ್ತೆ, ಮಾರ್ಕೆಟ್ಟಲ್ಲಿ ನೂಲು ತೆಗೆಯೋ ರೀಲರ್ ಕೈಯಲ್ಲಿ ಒತ್ತಿ ನೋಡ್ತಾನೆ, ರೇಟ್ ಬಿದ್ದೋಯ್ತು. ಸೊಪ್ಪು ತರೋ ಕೆಲಸ ಸ್ಪೀಡ್ ಮಾಡ್ಬೋದು, ಹುಳು ಹಣ್ಣಾಗೋದನ್ನ ಸ್ಪೀಡ್ ಮಾಡೋಕಾಗಲ್ಲ, ಇವೆರಡರ ವ್ಯತ್ಯಾಸ ಶಾಲೆಗೆ ಹೋಗ್ದೇ ಇರೋ ನಮ್ಮಮ್ಮಂಗೆ ಗೊತ್ತಿತ್ತು, ಎಷ್ಟೋ ಪ್ಲಾಂಟ್ ಹೆಡ್‌ಗಳಿಗೆ ಗೊತ್ತಾಗಲ್ಲ ಅನ್ನೋದೇ ನನ್ನ ಸಂಕಟ.

ಹಂಗಂತ ನಿಧಾನವೇ ಚೆನ್ನ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ತಪ್ಪು ತಿಳ್ಕೋಬೇಡಿ. ಮಾರ್ಗನ್ ಅಂತ ಇನ್ನೊಂದು ಕಾರ್ ಕಂಪನಿ ಇದೆ, ಇಂಗ್ಲೆಂಡಿನ ಮಾಲ್ವರ್ನ್ ಅನ್ನೋ ಊರಲ್ಲಿ, ನೂರು ವರ್ಷದ ಮೇಲಾಯ್ತು, ಇವತ್ತಿಗೂ ಬಾಡಿ ಫ್ರೇಮು ಆಶ್ ಮರದ್ದು, ಬಡಗಿಗಳು ಮಾಡೋದು. ಗಾಡಿನ ಒಂದು ಶೆಡ್ಡಿಂದ ಇನ್ನೊಂದು ಶೆಡ್ಡಿಗೆ ಕೈಯಲ್ಲೇ ತಳ್ಕೊಂಡು ಹೋಗೋರು. 1990ರಲ್ಲಿ ಬಿಬಿಸಿಯವ್ರು ಒಂದು ಟಿವಿ ಕಾರ್ಯಕ್ರಮಕ್ಕೆ ಸರ್ ಜಾನ್ ಹಾರ್ವಿ-ಜೋನ್ಸ್ ಅನ್ನೋ ದೊಡ್ಡ ಉದ್ಯಮಿನ ಅಲ್ಲಿಗೆ ಕರ್ಕೊಂಡು ಹೋದ್ರು. ಬುಕ್ ಮಾಡಿದವ್ರು ವರ್ಷಗಟ್ಟಲೆ ಕಾಯ್ತಿದ್ರು, ಹಾರ್ವಿ-ಜೋನ್ಸ್ ಅದನ್ನ ನೋಡಿ, ಪ್ರೊಡಕ್ಷನ್ ಜಾಸ್ತಿ ಮಾಡಿ, ಕೆಲಸದ ರೀತಿ ಬದಲಾಯಿಸಿ ಅಂದ್ರು, ಮಾರ್ಗನ್ ಮನೆತನದವ್ರು ಒಪ್ಲಿಲ್ಲ. ಮಜಾ ಏನಂದ್ರೆ ಆ ಕಾರ್ಯಕ್ರಮ ಬಂದ ಮೇಲೆ ಬುಕಿಂಗ್ ಇನ್ನೂ ಜಾಸ್ತಿ ಆಯ್ತು. ಎಲ್ರೂ ಈ ಕಥೇನ ಮಾರ್ಗನ್ ಗೆದ್ದ ಕಥೆ ಅಂತಾನೇ ಹೇಳೋದು. ನಂಗೆ ಹಂಗನ್ಸಲ್ಲ. ದುಡ್ಡು ಕೊಟ್ಟವ್ನು ವರ್ಷಗಟ್ಟಲೆ ಕಾಯೋದು ಒಳ್ಳೇದಲ್ಲ, ಹಾರ್ವಿ-ಜೋನ್ಸ್ ಹೇಳಿದ್ರಲ್ಲಿ ಹುರುಳಿತ್ತು. ಆದ್ರೆ ಮಾರ್ಗನ್‌ನವ್ರು ಆಮೇಲೆ ಹೆಚ್ಚಿಸಿದ್ರು, ತಮ್ಮ ಬಡಗಿಗಳ ಕೈಗೆ ತಕ್ಕ ಹಾಗೆ, ವರ್ಷಾನುಗಟ್ಟಲೆ ಸ್ವಲ್ಪ ಸ್ವಲ್ಪ, ನಾನು ಮೆಚ್ಚೋದು ಇದನ್ನ.

ಪೋರ್ಷೆ ಕಥೆ ಇನ್ನೂ ಚೆನ್ನಾಗಿದೆ. 1990ರ ದಶಕದ ಶುರುವಲ್ಲಿ ಪೋರ್ಷೆ ಮುಳುಗೋ ಸ್ಥಿತಿ, ವೀಡೆಕಿಂಗ್ ಅಂತ ಹೊಸ ಸಿಇಒ ಬಂದ್ರು, ಟೊಯೋಟಾದಲ್ಲಿ ಪಳಗಿದ್ದ ಜಪಾನಿ ಎಕ್ಸ್‌ಪರ್ಟ್‌ಗಳನ್ನ ಕರೆಸಿದ್ರು. ಆ ಜಪಾನಿನವ್ರು ಬಂದು ಲೈನ್ ಸ್ಪೀಡ್ ಮಾಡಿ ಅಂತ ಕೆಲಸಗಾರರ ಹಿಂದೆ ಬೀಳ್ಲಿಲ್ಲ. ಆಳಿಗಿಂತ ಎತ್ತರದ ಸ್ಟೋರ್ ರ‍್ಯಾಕ್‌ಗಳಲ್ಲಿ ಪಾರ್ಟ್ ತುಂಬ್ಕೊಂಡಿದ್ವು, ಫಿಟ್ಟರ್‌ಗಳು ಏಣಿ ಹತ್ತಿ ಹುಡುಕ್ಬೇಕಿತ್ತು. ವೀಡೆಕಿಂಗ್ ಕೈಗೇ ಗರಗಸದ ಮೆಷಿನ್ ಕೊಟ್ಟು ರ‍್ಯಾಕ್‌ಗಳನ್ನ ಎದೆಮಟ್ಟಕ್ಕೆ ಕೊಯ್ಸಿದ್ರು, ಎಲ್ಲಾ ಕೆಲಸಗಾರರ ಎದುರಿಗೆ, ಕಂಪನಿ ಸಿಇಒ ಕೈಯಲ್ಲೇ. ಹುಡುಕೋದು ತಪ್ಪಿತು, ನಡೆಯೋದು ತಪ್ಪಿತು, ಕಾರ್ ಬೇಗ ಆಗೋಕೆ ಶುರುವಾಯ್ತು. ನಮ್ಮ ಕಡೆ ಎಷ್ಟು ಫ್ಯಾಕ್ಟರೀಲಿ ಸ್ಟಾಪ್‌ವಾಚ್ ಹಿಡ್ಕೊಂಡು ಆಪರೇಟರ್ ಪಕ್ಕ ನಿಂತ್ಕೊಳ್ತಾರೆ, ಆದ್ರೆ ಆ ಆಪರೇಟರ್ ಒಂದು ಬೋಲ್ಟ್ ಡಬ್ಬಕ್ಕೆ ಶಿಫ್ಟಿಗೆ ಎಷ್ಟು ಹೆಜ್ಜೆ ನಡೀತಾನೆ ಅಂತ ಎಣಿಸಿದವ್ರನ್ನ ನಾನಂತೂ ನಾಲ್ಕು ವರ್ಷದಲ್ಲಿ ನೋಡ್ಲಿಲ್ಲ.

ಇನ್ನೊಂದು, ಸಣ್ಣ ಫ್ಯಾಕ್ಟರಿ ಲೈನು ನಿಲ್ಲೋದು ಎಷ್ಟೋ ಸಲ ಅವ್ರ ತಪ್ಪಿಂದಲ್ಲ. ನಾನು ವೆಂಡರ್, ಅಂದ್ರೆ ಪಾರ್ಟ್ ಮಾಡಿ ಕೊಡೋ ಕಂಪನಿ ಕಡೆ ಇದ್ದವ್ನು, ಒಳಗಿನ ವಿಷಯ ಹೇಳ್ತೀನಿ. ತಿಂಗಳಿಗೆ ಹದಿನೈದು ಸಾವಿರ ಪೀಸ್ ತಗೊಳೋ ಕಸ್ಟಮರ್ ಮಾಲು ಮೊದ್ಲು ಹೋಗುತ್ತೆ, ನೂರೈವತ್ತು ಪೀಸ್ ಕೇಳೋನ ಆರ್ಡರ್ ಮೂಲೇಲಿ ಬಿದ್ದಿರುತ್ತೆ. ಆ ನೂರೈವತ್ತು ಇಲ್ದೇ ಅಲ್ಲೆಲ್ಲೋ ಗಾಡಿಗಳು ಡ್ಯಾಶ್‌ಬೋರ್ಡ್ ಬಿಚ್ಕೊಂಡು ಸಾಲಾಗಿ ನಿಂತಿರ್ತವೆ.

ಕೆಲವು ಕೆಲಸ ಅವಸರಕ್ಕೆ ಆಗಲ್ಲ ಅನ್ನೋದು ದೊಡ್ಡ ಕಂಪನಿಗಳಿಗೂ ಗೊತ್ತು, ಅದಕ್ಕೆ ಸಾಕ್ಷಿ ನಮ್ಮ ಬಾಗಿಲಲ್ಲೇ ಇದೆ. ನರಸಾಪುರದ ಹೋಂಡಾ ಬೈಕ್-ಸ್ಕೂಟರ್ ಪ್ಲಾಂಟ್ 2013ರಲ್ಲಿ ಶುರುವಾಯ್ತು, ಈಗ ಸಾಮರ್ಥ್ಯ ವರ್ಷಕ್ಕೆ ಇಪ್ಪತ್ತು ಲಕ್ಷ ಗಾಡಿ ದಾಟುತ್ತೆ, ವರ್ಷಕ್ಕೆ 300 ದಿನ ಅಂತ ಹಿಡಿದ್ರೂ ದಿನಕ್ಕೆ ಆರು ಸಾವಿರದ ಮೇಲೆ. ಅದೇ ಹೋಂಡಾ 1990ರಲ್ಲಿ ಜಪಾನಲ್ಲಿ ಎನ್‌ಎಸ್‌ಎಕ್ಸ್ ಸ್ಪೋರ್ಟ್ಸ್ ಕಾರಿಗೆ ಅಂತಾನೇ ಬೇರೆ ಫ್ಯಾಕ್ಟರಿ ಕಟ್ಟಿ, ಅನುಭವ ಇರೋ ಇನ್ನೂರು ಜನರನ್ನ ಆರಿಸಿ ಹಾಕಿ, ದಿನಕ್ಕೆ ಇಪ್ಪತ್ತೈದರ ಲೆಕ್ಕದಲ್ಲಿ ಮಾಡ್ತು. ಬಿಡದಿ ಟೊಯೋಟಾ ಎಲ್ರಿಗೂ ಗೊತ್ತು, ಅದೇ ಟೊಯೋಟಾ ಲೆಕ್ಸಸ್ ಎಲ್‌ಎಫ್‌ಎ ಅನ್ನೋ ಸ್ಪೋರ್ಟ್ಸ್ ಕಾರ್ ಮಾಡಿದಾಗ ದಿನಕ್ಕೆ ಒಂದು ಕಾರು, 2010ರ ಡಿಸೆಂಬರಿಂದ 2012ರ ಡಿಸೆಂಬರ್‌ವರೆಗೆ ಒಟ್ಟು 500, ಒಂದೊಂದು ಇಂಜಿನ್ನೂ ಒಬ್ಬನೇ ಜೋಡಿಸಿ ಅದರ ಮೇಲೆ ತನ್ನ ಸಹಿ ಹಾಕ್ತಿದ್ದ. ಲೈನ್ ಓಡಿಸೋದ್ರಲ್ಲಿ ಪ್ರಪಂಚಕ್ಕೇ ಗುರು ಆದ ಕಂಪನಿ ಅದು. ನಿಧಾನ ಮಾಡ್ಬೇಕಾದ ಕಡೆ ನಿಧಾನ ಮಾಡ್ತು.

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಆ 43 ನಿಮಿಷದಲ್ಲಿ ಆ ಕೆಲಸಗಾರ ಏನು ಮಾಡ್ತಾನೆ ಯೋಚ್ನೆ ಮಾಡಿ. ಸಸ್ಪೆನ್ಷನ್ ಕೂರಿಸ್ತಾನೆ, ಬ್ರೇಕ್ ಪೈಪ್ ಹಾಕ್ತಾನೆ, ಟಾರ್ಕ್ ರೆಂಚಲ್ಲಿ ಟೈಟ್ ಮಾಡಿ ಮಾರ್ಕ್ ಹಾಕ್ತಾನೆ, ಮುಂದಿನ ಕಾರು ಬೇರೆ ಆಪ್ಷನ್ನಿಂದು ಬಂದ್ರೆ ಅದಕ್ಕೆ ಬೇರೆ ಥರ, ಇಷ್ಟೂ ತಲೇಲಿ ಇಟ್ಕೊಂಡಿರ್ಬೇಕು. ಮೂರು ವರ್ಷ ಮಾಡಿದ್ರೆ ಅರ್ಧ ಕಾರು ಅವ್ನ ಕೈಯಲ್ಲಿರುತ್ತೆ. ನಾನು ನಾಲ್ಕು ವರ್ಷ ಮಾಡಿ ಹೊರಗೆ ಬಂದಾಗ ನಂಗೆ ಬರ್ತಿದ್ದಿದ್ದು ಎರಡು ಕನೆಕ್ಟರ್ ಹಾಕೋದು. ಬೇರೆ ಕಂಪನಿ ಇಂಟರ್‌ವ್ಯೂನಲ್ಲಿ ಏನು ಬರುತ್ತೆ ಅಂತ ಕೇಳಿದ್ರೆ ಬಾಯಿ ಕಟ್ಟೋಯ್ತು. ನಮ್ಮ ಪಕ್ಕದ ಮನೆ ಚಿಕ್ಕಪ್ಪ ಕೆಜಿಎಫ್ ಬೆಮಲ್‌ನಲ್ಲಿ ಬುಲ್ಡೋಜರ್ ಫಿಟ್ಟರ್ ಆಗಿದ್ರು, ರಿಟೈರ್ ಆಗಿ ಎಷ್ಟೋ ವರ್ಷ ಆಯ್ತು, ಇವತ್ತಿಗೂ ಸುತ್ತಮುತ್ತ ಯಾರದಾದ್ರೂ ಜೆಸಿಬಿ ಕೆಟ್ರೆ ಅವ್ರನ್ನೇ ಕರ್ಕೊಂಡು ಹೋಗ್ತಾರೆ. ಅಲ್ಲೂ ನಿಧಾನದ ಲೈನೇ, ಒಂದೊಂದು ಮೆಷಿನ್ ಜೊತೆ ದಿನಗಟ್ಟಲೆ ಕಳೆಯೋರು. ಕಲ್ತಿದ್ದು ಅವ್ರ ಜೊತೇಲೇ ಬಂತು.

ಹೆನ್ರಿ ಫೋರ್ಡ್ 1913ರಲ್ಲಿ ಓಡೋ ಲೈನ್ ತಂದಾಗ ಹನ್ನೆರಡು ಗಂಟೆ ಮೇಲೆ ಆಗ್ತಿದ್ದ ಚಾಸಿಸ್ ಜೋಡಣೆ 93 ನಿಮಿಷಕ್ಕೆ ಬಂತು, ಇದು ಎಲ್ಲಾ ಡಿಪ್ಲೊಮಾ ಪುಸ್ತಕದಲ್ಲೂ ಇದೆ. ಆ ವರ್ಷ ಕೆಲಸ ಬಿಟ್ಟು ಓಡಿ ಹೋದವ್ರ ಲೆಕ್ಕ 370 ಪರ್ಸೆಂಟ್ ಅನ್ನೋದನ್ನ ನಮಗ್ಯಾರೂ ಹೇಳಿಕೊಡ್ಲಿಲ್ಲ. ಅಂದ್ರೆ ನೂರು ಜಾಗ ತುಂಬಿಸ್ಕೊಂಡು ಇರೋಕೆ ವರ್ಷಕ್ಕೆ 370 ಜನರನ್ನ ಹೊಸದಾಗಿ ತಗೋಬೇಕಾಯ್ತು. ಅದಕ್ಕೇ 1914ರ ಜನವರೀಲಿ ದಿನಕ್ಕೆ ಐದು ಡಾಲರ್ ಅಂತ ಹೆಚ್ಚುಕಮ್ಮಿ ಡಬಲ್ ಮಾಡಿದ್ರು. ಸ್ಪೀಡ್ ಹೆಚ್ಚಿಸಿದ್ರೆ ಕೂಲಿನೂ ಹೆಚ್ಚಿಸ್ಬೇಕು ಅಂತ ಫೋರ್ಡಿಗೆ ನೂರು ವರ್ಷದ ಹಿಂದೆ ಅರ್ಥ ಆಗಿತ್ತು, ನಮ್ಮ ಟಾರ್ಗೆಟ್ ಆರುನೂರ ಅರವತ್ತಾದಾಗ ನನ್ನ ಸಂಬಳ ಒಂದು ರೂಪಾಯಿ ಏರ್ಲಿಲ್ಲ.

ಐಟಿಐ, ಡಿಪ್ಲೊಮಾ ಮುಗಿಸಿ ನರಸಾಪುರ, ವೇಮಗಲ್, ಮಾಲೂರು ಕಡೆ ಇಂಟರ್‌ವ್ಯೂಗೆ ಹೋಗ್ತಿರೋ ತಮ್ಮಂದಿರು, ತಂಗಿಯರು ಕೇಳ್ಸ್ಕೊಳಿ. ಸಂಬಳ ಎಷ್ಟು, ಬಸ್ ಇದ್ಯಾ, ಕ್ಯಾಂಟೀನ್ ಇದ್ಯಾ ಅಂತ ಕೇಳ್ತೀರಲ್ಲ, ಅದರ ಜೊತೆ ಇನ್ನೊಂದು ಕೇಳಿ, ಸರ್ ನನ್ನ ಸ್ಟೇಷನ್ ಟ್ಯಾಕ್ಟ್ ಎಷ್ಟು, ಎಷ್ಟು ತಿಂಗಳಿಗೆ ಸ್ಟೇಷನ್ ಬದಲಾಯಿಸ್ತೀರಾ ಅಂತ. ಕೆಲವು ಕಡೆ ಆರು ತಿಂಗಳಿಗೊಮ್ಮೆ ಬದಲಾಯಿಸ್ತಾರೆ, ಅಂಥ ಕಡೆ ಸಾವಿರ ರೂಪಾಯಿ ಕಮ್ಮಿ ಆದ್ರೂ ನಾನು ಹೋಗು ಅಂತೀನಿ. ಕಾಂಟ್ರ್ಯಾಕ್ಟ್‌ನಲ್ಲಿ ಇದ್ರೆ ಇದೆಲ್ಲಾ ಕೇಳೋಕೆ ಭಯ ಆಗುತ್ತೆ, ಗೊತ್ತು, ನಾನೂ ಕೇಳಿರ್ಲಿಲ್ಲ.

ಈಗ ಲೈನಲ್ಲಿ ಇರೋವ್ರು ನಂಗೊಂದು ಸಹಾಯ ಮಾಡಿ. ಕಂಪನಿ ಹೆಸರು ಬರೀಬೇಡಿ, ನಿಮ್ಮ ಹೆಸರೂ ಬೇಡ, ನಿಮ್ಮ ಟ್ಯಾಕ್ಟ್ ಎಷ್ಟು ಸೆಕೆಂಡು ಮತ್ತೆ ಒಂದು ಶಿಫ್ಟಲ್ಲಿ ಪಾರ್ಟ್ ತರೋಕೆ ಎಷ್ಟು ಹೆಜ್ಜೆ ನಡೀತೀರಾ, ಒಂದು ದಿನ ಎಣಿಸಿ ಕೆಳಗೆ ಹಾಕಿ. ವೇಮಗಲ್ ಹುಡುಗ ಆಗ್ಲೇ ಎಣಿಸಿ ಕಳಿಸಿದಾನೆ, ಅವ್ನ ಲೆಕ್ಕದಿಂದಾನೇ ಮುಂದಿನ ವಿಡಿಯೋ ಶುರು ಮಾಡ್ತೀನಿ.