ಒಂದೇ ಅಚ್ಚಿನಲ್ಲಿ ಸುತ್ತಿಗೆ, ಶಿಲುಬೆ

ಕೇಳುಗರಿಗೆ ನಮಸ್ಕಾರ. ಒಂದು ನಾಡು ಮತ ಬದಲಿಸಿತು ಅಂದರೆ ಹಳೆಯ ಗುರುತುಗಳೆಲ್ಲ ರಾತ್ರೋರಾತ್ರಿ ಅಳಿಸಿಹೋದವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ದೇವರು ಬದಲಾದರೂ ಮಾಡುವ ಕೈ ಅದೇ. ಇವತ್ತು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಡೆನ್ಮಾರ್ಕಿನ ಟ್ರೆಂಡ್‌ಗೋರ್ಡನ್ ಎಂಬಲ್ಲಿ 10ನೇ ಶತಮಾನದ ಎರಕದ ಅಚ್ಚೊಂದು ಸಿಕ್ಕಿದೆ. ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಯಾವ ಕಲ್ಲು ಅಂತೀರಿ? ಬಳಪದ ಕಲ್ಲು! ಬೇಲೂರು, ಹಳೇಬೀಡು ಅಂದಕೂಡಲೇ ನಮ್ಮ ಬಾಯಿಗೆ ಬರುವ ಅದೇ ಹೆಸರು. ಆ ಒಂದೇ ಕಲ್ಲಿನಲ್ಲಿ ಶಿಲುಬೆಗೂ ಗುಳಿ ಇದೆ, ಥೋರ್ ದೇವರ ಸುತ್ತಿಗೆಗೂ ಇದೆ. ಥೋರ್ ಅಂದರೆ ಕ್ರೈಸ್ತರಾಗುವ ಮೊದಲು ಅಲ್ಲಿನವರು ಪೂಜಿಸುತ್ತಿದ್ದ ಗುಡುಗಿನ ದೇವರು. ನಮ್ಮ ಇಂದ್ರನಿಗೆ ವಜ್ರಾಯುಧ ಇದ್ದಂತೆ ಅವನಿಗೆ ಸುತ್ತಿಗೆ. ಭಕ್ತರು ಅದನ್ನೇ ಪದಕ ಮಾಡಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು.

ಬಳಪದ ಕಲ್ಲೇ ಯಾಕೆ? ಚಾಕುವಿಗೂ ಬಗ್ಗುತ್ತದೆ, ಬೆಂಕಿಗೆ ಮಾತ್ರ ಜಗ್ಗುವುದಿಲ್ಲ. ಬೆಳ್ಳಿ ಕರಗಲು 961 ಡಿಗ್ರಿ ಸೆಲ್ಸಿಯಸ್ ಬೇಕು. ಎರಕ ಹೊಯ್ಯುವ ಮೊದಲು ಕಲ್ಲನ್ನು ಕಾಯಿಸಲೇಬೇಕು. ತಣ್ಣಗಿದ್ದರೆ ಬೆಳ್ಳಿ ಕಾಲುವೆಯ ಬಾಯಲ್ಲೇ ಗಟ್ಟಿಯಾಗಿ, ಶಿಲುಬೆಯ ತೋಳು ಮೊಂಡಾಗುತ್ತದೆ. ಗುಳಿಯಲ್ಲಿ ತೇವ ಉಳಿದಿದ್ದರೆ ಆವಿಯೆದ್ದು ಲೋಹ ಸಿಡಿಯುತ್ತದೆ, ಪದಕದ ಮೈಯೆಲ್ಲ ತೂತು. ಸುತ್ತಿಗೆಗೂ ಇದೇ ಕಷ್ಟ, ಶಿಲುಬೆಗೂ ಇದೇ ಕಷ್ಟ. ಕುಲುಮೆಗೆ ಮತಭೇದ ಗೊತ್ತಿಲ್ಲ.

ಇಷ್ಟು ಹೇಳಿದ ಮೇಲೂ ‘ಆ ಅಕ್ಕಸಾಲಿ ಎರಡು ದೋಣಿಯಲ್ಲಿ ಕಾಲಿಟ್ಟವನು’ ಅನ್ನುವವರಿದ್ದಾರೆ. ಅಲ್ಲ ಸ್ವಾಮಿ, ಅವನು ಅಂಗಡಿ ಇಟ್ಟವನು! ಕೊಳ್ಳುವವರು ಎರಡು ಬಗೆ, ಮಾಡುವ ಕೈ ಅದೇ.

ಅಚ್ಚಿನ ಮಾತೇ ಉದ್ದವಾಯಿತು, ಉಳಿದದ್ದನ್ನು ಓಡಿಸಿಬಿಡುತ್ತೇನೆ. ಅದೇ ಡೆನ್ಮಾರ್ಕಿನ ಯೆಲಿಂಗ್‌ನಲ್ಲಿ ಹರಾಲ್ಡ್ ರಾಜ ಸುಮಾರು 965ರಲ್ಲಿ ನಿಲ್ಲಿಸಿದ ಶಾಸನವಿದೆ. ಎತ್ತರ 2.43 ಮೀಟರ್. ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನೇ ಎಂದು ಅದರಲ್ಲಿ ಬರೆಸಿಕೊಂಡಿದ್ದಾನೆ. ಒಂದು ಮುಖದಲ್ಲಿ ಕ್ರಿಸ್ತ ತೋಳು ಚಾಚಿ ನಿಂತಿದ್ದಾನೆ. ಶಿಲುಬೆ ಎಲ್ಲಿ ಅಂತ ಹುಡುಕಿದರೆ ಸಿಗುವುದಿಲ್ಲ. ಅವನ ಮೈಯನ್ನು ಸುತ್ತಿರುವುದು ಹೆಣೆದ ಬಳ್ಳಿ. ಪಕ್ಕದ ಮುಖದಲ್ಲಿ ಹಾವು ಸುತ್ತಿಕೊಂಡ ದೊಡ್ಡ ಮೃಗ, ಅಲ್ಲೂ ಅದೇ ಹೆಣಿಗೆ. ಶಿಲ್ಪಿಗೆ ಹೊಸ ದೇವರನ್ನು ಕೊಟ್ಟರು, ಅವನು ತನಗೆ ಬರುತ್ತಿದ್ದ ಹೆಣಿಗೆಯನ್ನೇ ಹಾಕಿದ. ಮತ್ತೆ ಹೇಳುತ್ತೇನೆ, ಕೈ ಅದೇ.

ನಾರ್ವೆಯ ಮರದ ಚರ್ಚುಗಳಿಗೆ ಒಂದೇ ನಿಮಿಷ ಉಳಿದಿದೆ, ಅನ್ಯಾಯ. ಊರ್ನೆಸ್ ಚರ್ಚಿನ ಬಾಗಿಲಲ್ಲಿ ನಾಲ್ಕು ಕಾಲಿನ ಪ್ರಾಣಿಯೊಂದು ಹಾವುಗಳ ಜೊತೆ ಕಚ್ಚಾಡುತ್ತಿದೆ. ಹಳಬರು ಅದರಲ್ಲಿ ತಮ್ಮ ಪುರಾಣ ಕಾಣಬಹುದು, ಹೊಸಬರು ಸೈತಾನನನ್ನು ಸದೆಬಡಿಯುವ ಸಿಂಹ ಕಾಣಬಹುದು. ಬೋರ್ಗುಂಡ್ ಚರ್ಚಿನ ಚಿತ್ರ ಸಿಕ್ಕರೆ ಮಾಡಿನ ತುದಿಗಳನ್ನು ನೋಡಿ. ಕೆಳಗಿನ ಮಾಡುಗಳ ಮೇಲೆ ಶಿಲುಬೆಗಳು, ಅವಕ್ಕಿಂತ ಮೇಲೆ ಬಾಯಿ ತೆರೆದ ಡ್ರ್ಯಾಗನ್ ತಲೆಗಳು. ನಮಸ್ಕಾರ.