ಕಾಯಿಲೆ ಎಂದವರು ಯಾರನ್ನು ನೋಡಿದ್ದರು? ತೋಟದ ಮನೆಯಲ್ಲಿ ನಡೆದ ಒಂದು ಪರೀಕ್ಷೆ

[ಪರದೆ: ಮೇಜಿನ ಮೇಲೆ ಒಂದು ಬಿಳಿ ಕಾರ್ಡು. ಅದರ ತುಂಬ ಕಪ್ಪು ಶಾಯಿಯ ಕಲೆ.]

ನಮಸ್ಕಾರ. ಈ ಕಾರ್ಡನ್ನು ಸ್ವಲ್ಪ ಹೊತ್ತು ನೋಡಿ. ಕಾಗದದ ಮೇಲೆ ಶಾಯಿ ಚೆಲ್ಲಿ, ಮಡಚಿ, ಮತ್ತೆ ಬಿಡಿಸಿದ ಹಾಗಿದೆ. ನಿಮಗೆ ಏನು ಕಾಣುತ್ತಿದೆ? ಬಾವಲಿಯಾ? ಚಿಟ್ಟೆಯಾ? ಎದುರುಬದುರು ಕೂತ ಇಬ್ಬರಾ?

ಇದು ರೋರ್ಶಾಕ್ ಪರೀಕ್ಷೆಯ ಮಾದರಿ. ನಿಜವಾದ ಪರೀಕ್ಷೆಯಲ್ಲಿ ಇಂಥ 10 ಕಾರ್ಡುಗಳಿರುತ್ತವೆ. ಕಲೆಯಲ್ಲಿ ನಿಮಗೆ ಏನು ಕಂಡಿತು ಅನ್ನುವುದರಿಂದ ನಿಮ್ಮ ಮನಸ್ಸಿನ ಒಳಗುಟ್ಟು ತಿಳಿಯುತ್ತದೆ ಎಂದು 1950ರ ಸುಮಾರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞರು ಗಟ್ಟಿಯಾಗಿ ನಂಬಿದ್ದರು. ಒಬ್ಬ ಗಂಡಸು ಸಲಿಂಗಿಯೋ ಅಲ್ಲವೋ ಅನ್ನುವುದೂ ಇದರಲ್ಲಿ ಸಿಕ್ಕಿಬೀಳುತ್ತದೆ ಎನ್ನುತ್ತಿದ್ದರು. ಸಲಿಂಗಿ ಅಂದರೆ ಅವರ ಲೆಕ್ಕದಲ್ಲಿ ರೋಗಿ. 1952ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಕಾಯಿಲೆಗಳ ಪಟ್ಟಿಯಲ್ಲೂ ಅದು ಇತ್ತು.

ಇವತ್ತು ನಾನು ಹೇಳುವುದು ಆ ನಂಬಿಕೆಯನ್ನು ಒರೆಗೆ ಹಚ್ಚಿದ ಎವೆಲಿನ್ ಹೂಕರ್ ಅವರ ಕಥೆ.

[ಪರದೆ: ಲಾಸ್ ಏಂಜಲೀಸ್, 1940ರ ದಶಕ]

ಹೂಕರ್ ಲಾಸ್ ಏಂಜಲೀಸ್‌ನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದರು. ಅವರ ತರಗತಿಯಲ್ಲಿ ಸ್ಯಾಮ್ ಫ್ರಮ್ ಅಂತ ಒಬ್ಬ ಚುರುಕಾದ ವಿದ್ಯಾರ್ಥಿ. ಕ್ರಮೇಣ ಹೂಕರ್ ದಂಪತಿಗೂ ಸ್ಯಾಮ್‌ಗೂ ಸ್ನೇಹವಾಯಿತು. ಸ್ಯಾಮ್ ತನ್ನ ಗೆಳೆಯರನ್ನೂ ಪರಿಚಯ ಮಾಡಿಸಿದ. ಅವರೆಲ್ಲ ಸಲಿಂಗಿಗಳು. ಓದಿಕೊಂಡವರು, ದುಡಿದು ತಿನ್ನುವವರು, ಮನೆಗೆ ಬಂದರೆ ಹೊತ್ತು ಹೋದದ್ದೇ ಗೊತ್ತಾಗದ ಹಾಗೆ ಮಾತಾಡುವವರು. ಒಂದು ದಿನ ಸ್ಯಾಮ್ ಹೂಕರ್ ಅವರನ್ನು ಕೇಳಿಯೇಬಿಟ್ಟ: ನಮ್ಮಂಥವರ ಬಗ್ಗೆ ನೀವು ಅಧ್ಯಯನ ಮಾಡಲೇಬೇಕು, ಅದು ನಿಮ್ಮ ಕರ್ತವ್ಯ.

ಆಗ ಹೂಕರ್‌ಗೆ ಹೊಳೆದ ವಿಷಯ ಈಗ ಕೇಳಿದರೆ ತುಂಬಾ ಸರಳ ಅನ್ನಿಸುತ್ತದೆ. ಅಲ್ಲಿಯವರೆಗೆ ಸಲಿಂಗಿಗಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ನೋಡಿದ್ದು ಯಾರನ್ನು? ಆಸ್ಪತ್ರೆಗೆ ಬಂದ ರೋಗಿಗಳನ್ನು. ಜೈಲಿನಲ್ಲಿದ್ದ ಕೈದಿಗಳನ್ನು. ಯೋಚಿಸಿ, ಮದುವೆಯಾದ ಗಂಡಸರ ಬಗ್ಗೆ ತಿಳಿಯಲು ನಿಮ್ಹಾನ್ಸ್‌ನ ವಾರ್ಡಿಗೂ ಪರಪ್ಪನ ಅಗ್ರಹಾರಕ್ಕೂ ಮಾತ್ರ ಹೋಗಿಬಂದರೆ ಏನಾಗುತ್ತದೆ? ಮದುವೆಯಾದ ಗಂಡಸರೆಲ್ಲ ಒಂದೋ ಮನೋರೋಗಿಗಳು, ಇಲ್ಲ ಅಪರಾಧಿಗಳು ಅಂತ ಬರೆದುಕೊಂಡು ಬರಬೇಕಾಗುತ್ತದೆ. ಅಲ್ವಾ? ಆಗಿದ್ದೂ ಅದೇ. ವೈದ್ಯರ ಹತ್ತಿರ ಹೋಗುವ ಅಗತ್ಯವೇ ಇಲ್ಲದೆ ತಮ್ಮ ಪಾಡಿಗೆ ಬದುಕುತ್ತಿದ್ದ ಸಲಿಂಗಿಯನ್ನು ಕರೆದು ಕೂರಿಸಿ ಮಾತಾಡಿಸಿದವರು ತೀರಾ ಕಡಿಮೆ.

1953ರಲ್ಲಿ ಹೂಕರ್ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಿದರು. ಕಾಲ ಕೆಟ್ಟದಾಗಿತ್ತು. ಸಲಿಂಗಿ ಎಂದು ಗೊತ್ತಾದರೆ ಸರ್ಕಾರಿ ಕೆಲಸ ಹೋಗುತ್ತಿತ್ತು. ಗಂಡಸರ ನಡುವಿನ ಸಂಬಂಧ ಕ್ಯಾಲಿಫೋರ್ನಿಯಾದಲ್ಲಿ ಅಪರಾಧವಾಗಿತ್ತು. ಆದರೂ ಹಣ ಸಿಕ್ಕಿತು.

ಪರೀಕ್ಷೆ ಮಾಡುವುದು ಎಲ್ಲಿ? ಕಾಲೇಜಿನಲ್ಲಿ ಆಗುವುದಿಲ್ಲ, ಯಾರಾದರೂ ನೋಡಿದರೆ ಬಂದವನ ಬದುಕೇ ಹಾಳು. ಹೂಕರ್ ಮನೆಯ ತೋಟದಲ್ಲಿ ಒಂದು ಪುಟ್ಟ ಕೊಠಡಿ ಇತ್ತು. ಒಬ್ಬೊಬ್ಬರಾಗಿ ಅಲ್ಲಿಗೇ ಬಂದರು. ಕೂತರು. ಕಾರ್ಡು ನೋಡಿದರು. ಕಂಡದ್ದನ್ನು ಹೇಳಿದರು.

ಒಟ್ಟು 60 ಗಂಡಸರು. 30 ಜನ ಸಲಿಂಗಿಗಳು, 30 ಜನ ಅಲ್ಲದವರು. ಯಾರೂ ಮಾನಸಿಕ ಚಿಕಿತ್ಸೆಯಲ್ಲಿ ಇರಬಾರದು. ವಯಸ್ಸು, ಬುದ್ಧಿಮತ್ತೆ, ಓದು ಹೊಂದುವ ಹಾಗೆ ಅವರನ್ನು ಜೋಡಿ ಮಾಡಿದರು. ಸಲಿಂಗಿಗಳು ಮ್ಯಾಟಶೀನ್ ಸೊಸೈಟಿ ಎಂಬ ಸಂಘಟನೆಯ ಮೂಲಕ ಸಿಕ್ಕರು. ಕಷ್ಟವಾಗಿದ್ದು ಉಳಿದ 30 ಜನರನ್ನು ಹುಡುಕುವುದು! ಇಂಥ ಅಧ್ಯಯನಕ್ಕೆ ಹೆಸರು ಕೊಡಲು ಅವರೇ ಹಿಂಜರಿಯುತ್ತಿದ್ದರು.

[ಪರದೆ: ಹೆಸರಿಲ್ಲದ ಕಡತಗಳ ಕಟ್ಟು]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಹೂಕರ್ ಉತ್ತರಗಳನ್ನು ತಾವೇ ಅಳೆಯಲಿಲ್ಲ. ಅಳೆದಿದ್ದರೆ, ಗೆಳೆಯರ ಪರ ವಹಿಸಿದರು ಎನ್ನುತ್ತಿದ್ದರು. ಹೆಸರು, ಗುರುತು ಎಲ್ಲ ತೆಗೆದು ಆ ಕಾಲದ 3 ಜನ ಘಟಾನುಘಟಿಗಳ ಕೈಗೆ ಕೊಟ್ಟರು. ಬ್ರೂನೋ ಕ್ಲಾಫರ್, ಮಾರ್ಟಿಮರ್ ಮೇಯರ್, ಎಡ್ವಿನ್ ಶ್ನೈಡ್‌ಮನ್. ರೋರ್ಶಾಕ್ ವಿಷಯದಲ್ಲಂತೂ ಕ್ಲಾಫರ್ ಮಾತೇ ಕೊನೆ.

ಅವರಿಗೆ ಕೊಟ್ಟ ಕೆಲಸ ಎರಡು. ಯಾರ ಮನಸ್ಸು ಎಷ್ಟು ಸ್ವಸ್ಥವಾಗಿದೆ ಹೇಳಿ. ಆಮೇಲೆ ಜೋಡಿಯಲ್ಲಿ ಸಲಿಂಗಿ ಯಾರು, ಗುರುತಿಸಿ.

ಗುರುತಿಸಲು ಆಗಲಿಲ್ಲ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿ ಉತ್ತರ ಬರುತ್ತಿತ್ತು. ಸ್ವಸ್ಥತೆಯ ಅಂಕದಲ್ಲೂ ಎರಡು ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಮೂರರಲ್ಲಿ ಎರಡು ಪಾಲು ಜನ ಸಾಧಾರಣ ಅಥವಾ ಅದಕ್ಕಿಂತ ಮೇಲಿದ್ದರು. ಮೇಯರ್‌ಗೆ ತಾನು ಗುರುತಿಸಬಲ್ಲೆ ಎಂಬ ನಂಬಿಕೆ ಎಷ್ಟಿತ್ತೆಂದರೆ, ಇಡೀ ಕಟ್ಟನ್ನು ಇನ್ನೊಂದು ಸಲ ನೋಡಿದರು. ಆಗಲೂ ಆಗಲಿಲ್ಲ.

ಬರೀ 60 ಜನ, ಅದೂ ಆರಿಸಿ ತಂದವರು, ಇದರಿಂದ ಏನು ಸಾಬೀತಾಗುತ್ತದೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಲಿಂಗಿಗಳೆಲ್ಲರೂ ಆರೋಗ್ಯವಂತರು ಅಂತ ಹೂಕರ್ ಹೇಳಲು ಹೊರಟಿರಲಿಲ್ಲ. ಎದುರಿನವರ ವಾದ ಏನು? ಸಲಿಂಗಿ ಆಗಿರುವುದೇ ಕಾಯಿಲೆ. ಕಾಗೆಗಳೆಲ್ಲ ಬಿಳಿ ಅಂತ ಒಬ್ಬ ಹಟ ಹಿಡಿದರೆ ಊರಿನ ಕಾಗೆಗಳನ್ನೆಲ್ಲ ಎಣಿಸಬೇಕಾಗಿಲ್ಲ. ಒಂದು ಕಪ್ಪು ಕಾಗೆ ತೋರಿಸಿದರೆ ಸಾಕು. ಹೂಕರ್ ಅಂಥವರನ್ನು ಸಾಲಾಗಿ ತಂದು ತೋರಿಸಿದರು.

ಅಧ್ಯಯನ ಅಚ್ಚಾಗಿದ್ದು 1957ರಲ್ಲಿ. ಸ್ಯಾಮ್ ಅದನ್ನು ನೋಡಲಿಲ್ಲ. 1956ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದ.

ಮನೋವೈದ್ಯರ ಆ ಕಾಯಿಲೆಗಳ ಪಟ್ಟಿ ಬದಲಾಗಲು ಇನ್ನೂ 16 ವರ್ಷ ಹಿಡಿಯಿತು. 1972ರಲ್ಲಿ ಡಲ್ಲಾಸ್‌ನಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಸಭೆ. ಜಾನ್ ಫ್ರೈಯರ್ ಎಂಬ ಮನೋವೈದ್ಯರು ಮುಖವಾಡ, ವಿಗ್ ಹಾಕಿಕೊಂಡು, ದನಿ ಗುರುತು ಸಿಗದ ಮೈಕಿನಲ್ಲಿ, ನಾನೂ ಸಲಿಂಗಿ, ನಾನೂ ಮನೋವೈದ್ಯ ಎಂದರು. ಮನಸ್ಸಿನ ವೈದ್ಯರೇ ತಮ್ಮವರ ಮುಂದೆ ಮುಖ ಮುಚ್ಚಿಕೊಂಡು ನಿಲ್ಲಬೇಕಾಯಿತು. ಆ ಫೋಟೋ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1973ರ ಡಿಸೆಂಬರ್‌ನಲ್ಲಿ ಸಂಘ ಸಲಿಂಗಪ್ರೇಮವನ್ನು ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಕೈಬಿಟ್ಟಿತು.

[ಪರದೆ: ಸುಪ್ರೀಂ ಕೋರ್ಟ್]

ನಮ್ಮಲ್ಲಿ? 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ಇಟ್ಟುಕೊಂಡ ಸಂಬಂಧ 377ನೇ ಸೆಕ್ಷನ್ ಪ್ರಕಾರ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಭಾರತೀಯ ಮನೋವೈದ್ಯರ ಸಂಘವೂ ಇದು ಕಾಯಿಲೆ ಅಲ್ಲ ಎಂದಿತು.

ಆದರೆ ಮನೆಯೊಳಗೆ ಇನ್ನೂ ಹಳೇ ಮಾತೇ. "ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗತ್ತೆ." "ಯಾವುದಾದ್ರೂ ಒಳ್ಳೆ ಡಾಕ್ಟರ್‌ಗೆ ತೋರಿಸಿ." ಅಪ್ಪ ಅಮ್ಮ ಭಯದಿಂದ ಹೇಳುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೆ ಆ ಮದುವೆಯಲ್ಲಿ ಇನ್ನೊಬ್ಬರ ಮನೆಯ ಮಗಳ ಬಾಳೂ ಇರುತ್ತದೆ. ಕಾಯಿಲೆ ಅಲ್ಲದ್ದಕ್ಕೆ ಔಷಧಿ ಇಲ್ಲ.

ಅದಕ್ಕೇ ಒಂದು ವಿಷಯ ಬರೆದಿಟ್ಟುಕೊಳ್ಳಿ. ಸಲಿಂಗಿಗಳನ್ನು "ಸರಿಮಾಡುವ" ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ನಿಮ್ಮನ್ನೋ ನಿಮ್ಮ ಮಗುವನ್ನೋ ಬದಲಾಯಿಸಿಕೊಡುತ್ತೇನೆ ಅಂತ ಯಾವ ಡಾಕ್ಟರ್ ಹೇಳಿದರೂ ಎದ್ದು ಹೊರಗೆ ಬನ್ನಿ. ಚೀಟಿ, ರಸೀದಿ ಎಸೆಯಬೇಡಿ. ಕರ್ನಾಟಕದಲ್ಲಿ ಇಂಥ ದೂರು ಕೊಡಬೇಕಾದ್ದು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ.