ಕಿತ್ತದ್ದು ನೀಲಗಿರಿ, ನೆಟ್ಟದ್ದು ಬೇಡಿಕೆ: ಕುಸನೂರಿನ ಸತ್ಯಾಗ್ರಹ ಮತ್ತು ಸರ್ಕಾರದ ಭೂನೀತಿ

ಸಭಿಕರೆ,

ತಳಮಟ್ಟದ ಸಂಘಟನೆಗಳು ಸರ್ಕಾರದ ನೀತಿಯನ್ನು ನಿಜಕ್ಕೂ ಬದಲಿಸಬಲ್ಲವೇ ಎಂಬ ಪ್ರಶ್ನೆಗೆ ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. 1984ರಲ್ಲಿ ಕರ್ನಾಟಕ ಸರ್ಕಾರವು ಮರದಿಂದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. ಕಾಗದಪತ್ರದಲ್ಲಿ ಆ ಭೂಮಿ ಸರ್ಕಾರದ್ದು. ಆದರೆ ದನ ಮೇಯಿಸುವವರಿಗೆ, ಸೌದೆ ಮತ್ತು ಸೊಪ್ಪು ತರುವವರಿಗೆ ಅದು ತಲೆತಲಾಂತರದ ಆಸರೆ. ನೀಲಗಿರಿಯ ಎಲೆಯನ್ನು ದನಗಳು ಮುಟ್ಟುವುದಿಲ್ಲವಾದ್ದರಿಂದ, ನೆಡುತೋಪು ಎದ್ದಲ್ಲಿ ಗೋಮಾಳ ಮುಗಿದಂತೆಯೇ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಈ ಒಪ್ಪಂದದ ವಿರುದ್ಧ ನಿಂತಿತು. ತುಂಗಭದ್ರೆಯ ಮಾಲಿನ್ಯದ ಪ್ರಶ್ನೆಯಲ್ಲಿ ಇದೇ ಕಾರ್ಖಾನೆಯ ಎದುರು ಹೋರಾಡಿದ್ದ, ಆ ಸಂಘಟನೆಯ ಎಸ್.ಆರ್. ಹಿರೇಮಠ ಮತ್ತು ಅವರ ಸಂಗಾತಿಗಳು ಊರೂರಿನಲ್ಲಿ ಸಭೆ ನಡೆಸಿದರು. ಶಿವರಾಮ ಕಾರಂತರು ಮುಖ್ಯ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೊರೆಹೋದರು. 1987ರ ಮಾರ್ಚಿನಲ್ಲಿ ಮಧ್ಯಂತರ ತಡೆಯಾಜ್ಞೆ ದೊರೆಯಿತು. ಹಲವರು ಇಲ್ಲಿಗೇ ಗೆದ್ದೆವೆಂದು ಮನೆಗೆ ಹೋಗುತ್ತಿದ್ದರು. ಇವರು ಹೋಗಲಿಲ್ಲ.

1987ರ ನವೆಂಬರ್ 14ರಂದು, ಇಂದು ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ, ಜನ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ನೆಲದಲ್ಲಿ ಊರಿಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ಅದಕ್ಕೆ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವೆಂದು ಹೆಸರು. ನೀಲಗಿರಿ ಕೀಳುವುದು ಹೊಸತೇನಲ್ಲ, ರಾಜ್ಯದ ರೈತರು ಕೆಲವು ವರ್ಷಗಳ ಹಿಂದೆಯೇ ಅದನ್ನು ಮಾಡಿದ್ದರು. ಕುಸನೂರಿನ ವಿಶೇಷವಿರುವುದು ನೆಟ್ಟದ್ದರಲ್ಲಿ. ಕೇವಲ ಕಿತ್ತಿದ್ದರೆ ಸರ್ಕಾರಕ್ಕೆ ಅದು ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಗಿ ಉಳಿಯುತ್ತಿತ್ತು. ನೆಟ್ಟದ್ದರಿಂದ, ಈ ಭೂಮಿಯಲ್ಲಿ ಏನು ಬೆಳೆಯಬೇಕೆಂಬ ತೀರ್ಮಾನ ಯಾರದು ಎಂಬ ನೀತಿಯ ಪ್ರಶ್ನೆಯಾಗಿ ಅದು ಮಾರ್ಪಟ್ಟಿತು. ಕೋರ್ಟಿನ ಅರ್ಜಿಯಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಲಾಗದ್ದನ್ನು ಒಂದು ಹಿಡಿ ಸಸಿಗಳು ಹೇಳಿದವು.

ಆಮೇಲಿನ ನಾಲ್ಕು ವರ್ಷಗಳ ಕೆಲಸಕ್ಕೆ ಅಂಥ ಬಣ್ಣವಿಲ್ಲ: ಅರ್ಜಿ, ಮನವಿ, ಶಾಸಕರ ಭೇಟಿ, ಪತ್ರಿಕೆಗಳಿಗೆ ಮಾಹಿತಿ. ಚುನಾಯಿತ ಪ್ರತಿನಿಧಿಗಳನ್ನು ಶತ್ರುಗಳೆಂದು ಬಗೆಯದೆ, ಸರ್ಕಾರದ ಮೇಲೆ ಒಳಗಿನಿಂದಲೇ ಒತ್ತಡ ಬೀಳುವಂತೆ ಅವರನ್ನು ಒಲಿಸಿಕೊಂಡದ್ದು, ನನ್ನ ದೃಷ್ಟಿಯಲ್ಲಿ, ಸತ್ಯಾಗ್ರಹದಷ್ಟೇ ನಿರ್ಣಾಯಕವಾಗಿತ್ತು. (ನಮ್ಮ ಇಂದಿನ ಅನೇಕ ಸಂಘಟನೆಗಳಿಗೆ ಈ ಕೆಲಸ ಮೈಲಿಗೆಯಂತೆ ಕಾಣುತ್ತದೆ.) 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಈ ಗೆಲುವಿನ ಮಿತಿಯನ್ನೂ ಹೇಳಬೇಕು. ಕಂಪನಿ ಹೋಯಿತು, ಆದರೆ ಊರಿನ ಸಾಮುದಾಯಿಕ ಭೂಮಿಯನ್ನು ಊರನ್ನು ಕೇಳದೆಯೇ ಬೇರೆಯವರಿಗೆ ಕೊಡಬಹುದೆಂಬ ಆಡಳಿತದ ರೂಢಿ ಅದರೊಂದಿಗೆ ಹೋಗಲಿಲ್ಲ. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಅದೂ ಅಂತರ್ಜಲದ ಕಾರಣಕ್ಕೆ. ಭೂಮಿ ಯಾರದೆಂಬ ಕುಸನೂರಿನ ಪ್ರಶ್ನೆಯನ್ನು ಆ ಆದೇಶ ಕೈಗೆತ್ತಿಕೊಳ್ಳಲಿಲ್ಲ.